ಹಾಡು ಹುಟ್ಟಿದ ಕೊರಳು

(ಬಾನುಲಿ ಭಾಷಣ)

ಹಾಡು ಕಟ್ಟಿದವರನ್ನು ಕಂಡಾಗ ರಸಿಕರು ಕೇಳದೆ ಬಿಡದ ಪ್ರಶ್ನೆಯೊಂದುಂಟು: ಈ ಹಾಡು ನಿಮಗೆ ಹೇಗೆ ಹೊಳೆಯಿತು? ಕೆಲವರು ನಕ್ಕು ಸುಮ್ಮನಾಗುತ್ತಾರೆ, ಕೆಲವರು ಒಂದು ಕಥೆ ಹೇಳುತ್ತಾರೆ. ಕೇಳಿದವರಿಗೆಲ್ಲ ಒಂದೊಂದು ಬಗೆಯ ಕಥೆ ಹೇಳುವವರೂ ಇಲ್ಲದಿಲ್ಲ. ಹಾಗೆ ಹೇಳಿದ ಮಾತನ್ನು ಚರಿತ್ರೆಯ ಅಭ್ಯಾಸಿಯಾದವನು ಎಷ್ಟರಮಟ್ಟಿಗೆ ನಂಬಬಹುದು? ರವೀಂದ್ರನಾಥ ಠಾಕೂರರ ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಉಚಿತವೆಂದು ನನಗೆ ತೋರುತ್ತದೆ. ಎರಡು ಸಾವಿರಕ್ಕೂ ಮಿಕ್ಕ ಹಾಡುಗಳನ್ನು ಕಟ್ಟಿದವರು ಅವರು. ಅವು ಹುಟ್ಟಿದ ಬಗೆಯನ್ನು ಕುರಿತು ಹಲವು ಸಲ ಮನಬಿಚ್ಚಿ ಹೇಳಿದವರೂ ಹೌದು. ಅದೂ ಅಲ್ಲದೆ, ಆ ಹಾಡುಗಳ ಕೆಲವು ಬೇರುಗಳು ನಮ್ಮ ಕನ್ನಡ ನಾಡಿನ ಮಣ್ಣಿಗೂ ಬಂದು ತಾಗುತ್ತವೆ.

ರವೀಂದ್ರರ ‘ಜೀವನಸ್ಮೃತಿ’ ಮೊದಲು ‘ಪ್ರವಾಸೀ’ ಪತ್ರಿಕೆಯಲ್ಲಿ ಬಂದು, 1912ರಲ್ಲಿ ಪುಸ್ತಕವಾಯಿತು. ಆಗ ಅವರಿಗೆ ಐವತ್ತು ತುಂಬಿತ್ತು. ಗ್ರಂಥದ ಬಾಗಿಲಲ್ಲೇ ಅವರು ಓದುಗನಿಗೆ ಒಂದು ಎಚ್ಚರಿಕೆ ಕೊಡುತ್ತಾರೆ: ಮನಸ್ಸಿನೊಳಗೆ ಕುಳಿತು ನೆನಪುಗಳನ್ನು ಬರೆಯುವವನು ಚಿತ್ರಕಾರನೇ ಹೊರತು ಚರಿತ್ರಕಾರನಲ್ಲ, ಅವನು ದೊಡ್ಡದನ್ನು ಚಿಕ್ಕದು ಮಾಡುತ್ತಾನೆ, ಹಿಂದಿನದನ್ನು ಮುಂದಕ್ಕೆ ತರುತ್ತಾನೆ ಎಂಬ ಅರ್ಥದ ಮಾತು. ಇಷ್ಟು ಪ್ರಾಮಾಣಿಕವಾಗಿ ಮೊದಲೇ ಒಪ್ಪಿಕೊಂಡವರ ಮೇಲೆ ದೂರು ಹೊರಿಸುವುದು ಕಷ್ಟ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ತಾವು ಕೂಡಿಸಿದ ಸ್ವರವನ್ನು ರವೀಂದ್ರರು ಬೇಗನೆ ಮರೆಯುತ್ತಿದ್ದರು. ಹೊಸ ಹಾಡು ಬಂದೊಡನೆ ಅಣ್ಣನ ಮೊಮ್ಮಗ ದಿನೇಂದ್ರನಾಥರನ್ನು ಕರೆಸಿ ಕಲಿಸಿಬಿಡುತ್ತಿದ್ದರು. ಅವರು ಅದನ್ನು ಸ್ವರಲಿಪಿಗೆ ಇಳಿಸುತ್ತಿದ್ದರು. 1916ರಲ್ಲಿ ‘ಫಾಲ್ಗುನೀ’ ನಾಟಕವನ್ನು ದಿನೇಂದ್ರರಿಗೆ ಅರ್ಪಿಸುವಾಗ ರವೀಂದ್ರರು ಅವರನ್ನು ತಮ್ಮ ಹಾಡುಗಳ ಭಂಡಾರಿಯೆಂದು ಕರೆದರು. ತಮ್ಮ ಸ್ವರವನ್ನೇ ಮರೆಯುವವರು ಅದರ ಮೂಲವನ್ನು ಎಷ್ಟು ನೆನಪಿಟ್ಟಾರು ಎಂದು ನಾವು ಕೇಳಬಹುದು. ಆದರೆ ಆಶ್ಚರ್ಯವೇನೆಂದರೆ, ಅವರು ಬಾಳಿನುದ್ದಕ್ಕೂ ಮರೆಯದಿದ್ದದ್ದು ತಮ್ಮ ಸ್ವರವನ್ನಲ್ಲ, ಪರರ ಕೊರಳನ್ನು.

ಮೊದಲ ಕೊರಳು ಶ್ರೀಕಂಠ ಸಿಂಹರದು. ಜೋಡಾಸಾಂಕೋ ಮನೆಗೆ ಬಂದುಹೋಗುತ್ತಿದ್ದ ಈ ವೃದ್ಧರು ಬೋಳುತಲೆಯವರು, ಬಾಯಲ್ಲಿ ಹಲ್ಲಿಲ್ಲ. ಕೈಯಲ್ಲಿ ಸಿತಾರು, ಬಾಯಲ್ಲಿ ಸದಾ ಹಾಡು. ನಾರೂ ಹುಳಿಯೂ ಇಲ್ಲದ ಮಾಗಿದ ಆಪೂಸು ಹಣ್ಣಿಗೆ ರವೀಂದ್ರರು ಅವರನ್ನು ಹೋಲಿಸಿದ್ದಾರೆ. ಬಾಲಕ ರವಿಗೆ ಅವರು ಹಿಂದೀ ಹಾಡೊಂದನ್ನು ಕಲಿಸಿ, ಸಿಕ್ಕಿದವರ ಮುಂದೆಲ್ಲ ಹಾಡಿಸಿ, ಹುಡುಗನು ಪಲ್ಲವಿಗೆ ಬಂದಾಗ ತಾವೂ ದನಿಗೂಡಿಸಿ, ಕೇಳುವವರ ಮುಖವನ್ನೇ ನೋಡುತ್ತ ಕೂರುತ್ತಿದ್ದರಂತೆ. ಮನೆಯಲ್ಲಿ ಸಂಗೀತಕ್ಕೆಂದು ನೇಮಿಸಿದ ವಿದ್ವಾಂಸರಿದ್ದರು. ಹುಡುಗನೋ ಕ್ರಮವಾದ ಪಾಠದಿಂದ ತಪ್ಪಿಸಿಕೊಂಡವನು. ಕಿವಿಗೆ ಬಿದ್ದದ್ದನ್ನು ಹೆಕ್ಕಿಕೊಂಡದ್ದೇ ಅವನ ವಿದ್ಯೆ.

ಹಾಡು ಕಟ್ಟುವ ಉಮೇದುವಾರಿಕೆ ನಡೆದದ್ದು ಅಣ್ಣ ಜ್ಯೋತಿರಿಂದ್ರನಾಥರ ಪಿಯಾನೋದ ಬಳಿ. ಅಣ್ಣನ ಬೆರಳುಗಳಿಂದ ಹೊಸ ಹೊಸ ಧಾಟಿಗಳು ಸುರಿಯುತ್ತಿದ್ದವು. ಒಂದು ಮಗ್ಗುಲಲ್ಲಿ ಅಕ್ಷಯ ಚೌಧುರಿ, ಇನ್ನೊಂದು ಮಗ್ಗುಲಲ್ಲಿ ತರುಣ ರವೀಂದ್ರ ಕುಳಿತು, ಆ ಧಾಟಿಗಳು ರೂಪ ತಳೆಯುತ್ತಿದ್ದ ಹಾಗೆಯೇ ಅವುಗಳಿಗೆ ಮಾತು ಜೋಡಿಸುತ್ತಿದ್ದರು. ಏತಕ್ಕೆಂದಿರಿ? ಧಾಟಿ ಮರೆತುಹೋಗದಿರಲಿ ಎಂದು. ಈ ಸಣ್ಣ ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕವಿಯೆಂದು ಲೋಕವೆಲ್ಲ ಕೊಂಡಾಡಿದ ಈ ಮಹಾನುಭಾವರು ಮೊದಲು ಕಲಿತದ್ದು, ಮಾತನ್ನು ಸ್ವರ ತೂಗುಹಾಕುವ ಗೂಟವನ್ನಾಗಿ ಬಳಸುವುದನ್ನು. 1881ರ ‘ವಾಲ್ಮೀಕಿ ಪ್ರತಿಭಾ’ ಗೀತನಾಟಕ ಈ ಅಭ್ಯಾಸದ ಫಲ. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಿಂದ ಮರಳಿದ್ದ ಅವರು ಅಲ್ಲಿ ಕೇಳಿದ ಕೆಲವು ಐರಿಷ್ ಧಾಟಿಗಳನ್ನು ಅದರಲ್ಲಿ ಸೇರಿಸಿದರು. ಬಾಲ್ಯದಲ್ಲಿ ಮೂರ್ ಕವಿಯ ಐರಿಷ್ ಗೀತೆಗಳ ಸಚಿತ್ರ ಪುಸ್ತಕವೊಂದನ್ನು ಕಂಡು, ಅದರಲ್ಲಿದ್ದ ತಂತೀವಾದ್ಯದ ಚಿತ್ರವನ್ನು ನೋಡಿ, ಆ ಹಾಡುಗಳ ನಾದವನ್ನು ಮನಸ್ಸಿನಲ್ಲಿಯೇ ಕೇಳಿಸಿಕೊಂಡಿದ್ದವರು ಅವರು. ನಿಜವಾದ ಧಾಟಿಗಳನ್ನು ಕಲಿತಾಗ ಅವು ಚೆನ್ನಾಗಿಯೇ ಇದ್ದವು. ಚಿತ್ರದ ವೀಣೆ ಮಾತ್ರ ಅವುಗಳಲ್ಲಿ ನುಡಿಯಲಿಲ್ಲವಂತೆ.

ಅದೇ 1881ರಲ್ಲಿ ಇನ್ನೊಂದು ಘಟನೆ ನಡೆಯಿತು. ಎರಡನೆಯ ಸಲ ಇಂಗ್ಲೆಂಡಿಗೆ ಹೊರಡುವ ಮುನ್ನ, ಇನ್ನೂ ಇಪ್ಪತ್ತು ತುಂಬದ ರವೀಂದ್ರರು ಬೆಥೂನ್ ಸೊಸೈಟಿಯ ಆಹ್ವಾನದ ಮೇರೆಗೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ಸಭಾಂಗಣದಲ್ಲಿ ಸಂಗೀತವನ್ನು ಕುರಿತು ಪ್ರಬಂಧ ಓದಿದರು. ಅಧ್ಯಕ್ಷರು ರೆವರೆಂಡ್ ಕೃಷ್ಣಮೋಹನ ಬ್ಯಾನರ್ಜಿ. ಮಾತಿನ ಭಾವವನ್ನು ಸ್ವರದಿಂದ ಇನ್ನಷ್ಟು ಸ್ಫುಟಗೊಳಿಸುವುದೇ ಗಾಯನದ ಗುರಿ ಎಂಬುದು ಅವರ ವಾದ. ಪ್ರಬಂಧದಲ್ಲಿ ಹುರುಳು ಕಡಿಮೆಯೇ ಇದ್ದಿರಬೇಕು. ಆದರೆ ನಡುನಡುವೆ ಹಾಡಿ, ಅಭಿನಯಿಸಿ ತೋರಿಸಿದ್ದರಿಂದ ಸಭೆ ಮೆಚ್ಚಿತು, ಅಧ್ಯಕ್ಷರು ಹೊಗಳಿದರು. (ಆ ಇಂಗ್ಲೆಂಡ್ ಪ್ರಯಾಣ ಮದರಾಸಿನವರೆಗೆ ಹೋಗಿ ಅಲ್ಲಿಂದಲೇ ಹಿಂದಿರುಗಿತೆಂಬುದು ಬೇರೆ ಮಾತು.) ಮೂವತ್ತು ವರ್ಷಗಳ ಮೇಲೆ ‘ಜೀವನಸ್ಮೃತಿ’ಯಲ್ಲಿ ಈ ಸಂಜೆಯನ್ನು ನೆನೆದ ಕವಿ ಸಂಕೋಚವಿಲ್ಲದೆ ಒಪ್ಪಿಕೊಂಡದ್ದೇನೆಂದರೆ: ಅಂದು ಅಷ್ಟು ಉತ್ಸಾಹದಿಂದ ಸಾರಿದ ಆ ಅಭಿಪ್ರಾಯ ತಪ್ಪು. ಮಾತು ಎಲ್ಲಿ ನಿಂತುಬಿಡುತ್ತದೆಯೋ ಅಲ್ಲಿಂದ ಹಾಡಿನ ಅಧಿಕಾರ ಆರಂಭವಾಗುತ್ತದೆ. ಹಾಡನ್ನು ಮಾತಿನ ಸೇವಕನನ್ನಾಗಿ ಮಾಡುವುದು ಸಲ್ಲದು.

ಈ ಮತಪರಿವರ್ತನೆಗೆ ಅವರು ಕೊಡುವ ಸಾಕ್ಷ್ಯ ಶಾಸ್ತ್ರಗ್ರಂಥದ್ದಲ್ಲ, ತಮ್ಮ ಹಾಡುಗಳದೇ. ಗೆಳತಿಯನ್ನು ಕುರಿತು, ಎದೆಯ ಗುಟ್ಟನ್ನು ಬಚ್ಚಿಡಬೇಡವೆಂದು ಕೇಳುವ ಒಂದು ಸಾಲು. ಬರಿಯ ಮಾತಾಗಿ ಅದರಲ್ಲಿ ಹೆಚ್ಚಿನದೇನಿದೆ? ಗುನುಗುತ್ತ ಬರೆದಾಗ ಸ್ವರವು ಆ ಸಾಲನ್ನು ಎಲ್ಲಿಗೆ ಎತ್ತಿಕೊಂಡುಹೋಯಿತೋ ಅಲ್ಲಿಗೆ ತಾನೇ ನಡೆದುಹೋಗಲು ಮಾತಿಗೆ ಕಾಲಿರಲಿಲ್ಲ. ಆ ಗುಟ್ಟು ಯಾವಳೋ ಹುಡುಗಿಯದಾಗಿ ಉಳಿಯದೆ ಕಾಡಿನ ಹಸುರಿನಲ್ಲಿಯೂ ಬೆಳುದಿಂಗಳಿನಲ್ಲಿಯೂ ಬೆರೆತದ್ದಾಯಿತು. ಇದಕ್ಕಿಂತಲೂ ಸೊಗಸಾದದ್ದು ‘ವಿದೇಶಿನಿ’ಯ ಪ್ರಸಂಗ. ಬಹಳ ಚಿಕ್ಕವರಿದ್ದಾಗ ಅವರು ಒಂದು ಹಾಡು ಕೇಳಿದ್ದರು. ನೆನಪಿನಲ್ಲಿ ಉಳಿದದ್ದು ಒಂದೇ ಸಾಲು. ಯಾರೋ ಒಬ್ಬಳನ್ನು ವಿದೇಶಿನಿಯಂತೆ ಸಿಂಗರಿಸಿದವರು ಯಾರೆಂಬ ಪ್ರಶ್ನೆ ಅದು. ಆ ಸಾಲಿನ ಸ್ವರ ವರ್ಷಗಟ್ಟಲೆ ಒಳಗೇ ಸುಳಿದಾಡುತ್ತಿತ್ತು. ಒಂದು ದಿನ ಅದರ ಮೋಹದಲ್ಲಿಯೇ ಗುನುಗುತ್ತ ಕುಳಿತಾಗ ತಮ್ಮದೇ ‘ವಿದೇಶಿನಿ’ಯ ಹಾಡು ಹೊರಬಂದಿತು. ಆ ಸ್ವರ ಇಲ್ಲದಿದ್ದರೆ ಆ ಹಾಡು ಏನಾಗುತ್ತಿತ್ತೋ ಹೇಳಲಾರೆನೆಂದು ಅವರೇ ಬರೆದಿದ್ದಾರೆ. ಮೂಲದಲ್ಲಿ ಯಾರೋ ಪ್ರೇಯಸಿಯಾಗಿದ್ದಿರಬಹುದಾದ ವಿದೇಶಿನಿ, ಕಡಲಿನಾಚೆಯ ದಡದಲ್ಲಿ ವಾಸಿಸುವ ಜಗದ ರಹಸ್ಯವೇ ಆಗಿಬಿಟ್ಟಳು. ಇದಾದ ಮೇಲೆ ಒಮ್ಮೆ ಬೋಲ್ಪುರದ ಹಾದಿಯಲ್ಲಿ ಬಾವುಲನೊಬ್ಬ ಪಂಜರದೊಳಗೆ ಬಂದುಹೋಗುವ ಅಪರಿಚಿತ ಪಕ್ಷಿಯ ಹಾಡನ್ನು ಹಾಡುತ್ತ ಹೋದನಂತೆ. ಅದು ಲಾಲನ್ ಫಕೀರನದೆಂದು ಪ್ರಸಿದ್ಧವಾದ ಹಾಡು. ತಾನು ಹೇಳಹೊರಟದ್ದನ್ನೇ ಈತನೂ ಹೇಳುತ್ತಿದ್ದಾನಲ್ಲ ಎಂದು ಕವಿಗೆ ಅನ್ನಿಸಿತು.

ಇನ್ನು ಕಾರವಾರದ ಮಾತು. ರವೀಂದ್ರರ ಎರಡನೆಯ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಯಲ್ಲಿ ಗೆದ್ದ ಮೊದಲ ಭಾರತೀಯರು. ಅವರು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮನು ಅಲ್ಲಿಗೆ ಬಂದು ಕೆಲವು ಕಾಲ ಇದ್ದನು. ಏಲಕ್ಕಿ ಬಳ್ಳಿಯೂ ಚಂದನದ ಮರವೂ ಬೆಳೆಯುವ ಮಲಯಾಚಲದ ಸೀಮೆಯೆಂದು ಸಂಸ್ಕೃತ ಕಾವ್ಯದ ಸಂಸ್ಕಾರದಿಂದ ಅವರು ಇದನ್ನು ಕಂಡರು. ಬೆಟ್ಟಗಳು ಸುತ್ತುಗಟ್ಟಿದ ಪುಟ್ಟ ಬಂದರು, ಅರ್ಧಚಂದ್ರದಂತೆ ಬಾಗಿದ ಮರಳು, ಅದರ ಅಂಚಿಗೆ ಗಾಳಿಮರಗಳ ಸಾಲು. ಒಂದು ಬೆಳುದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲುಹರಿವಿಗೆ ಹೋಗಿ, ಶಿವಾಜಿಯ ಹಳೆಯ ಗಿರಿದುರ್ಗವೊಂದರ ಕೆಳಗೆ ಇಳಿದು, ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ಬಂದುದನ್ನು ಅವರು ಮರೆಯಲಿಲ್ಲ. ಹಿಂದಿರುಗುವಾಗ ದೋಣಿ ಇಳಿತದೊಂದಿಗೆ ತೇಲಿ ಬಂದಿತು. ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ನಡುರಾತ್ರಿ ಮೀರಿತ್ತು, ಕಡಲು ಅಲುಗುತ್ತಿರಲಿಲ್ಲ, ಗಾಳಿಮರಗಳ ಸದ್ದೂ ಅಡಗಿತ್ತು.

ಕಾರವಾರದಲ್ಲಿ ಅವರು ಬರೆದದ್ದು ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕ. ಲೋಕವನ್ನೆಲ್ಲ ತೊರೆದು ಗುಹೆ ಸೇರಿದ ಸನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳು ಮತ್ತೆ ಲೋಕದ ಕಡೆಗೆ ಎಳೆದುಕೊಳ್ಳುವ ಕಥೆ. ಸೀಮೆಯೊಳಗೆ ಅಸೀಮವನ್ನು ಕೂಡಿಕೊಳ್ಳುವ ಆನಂದ. ತಮ್ಮ ಮುಂದಿನ ಬರಹಕ್ಕೆಲ್ಲ ಇದೇ ಪೀಠಿಕೆ ಎಂದು ಕವಿಯೇ ಹೇಳಿಕೊಂಡಿದ್ದಾರೆ. ನಮಗೆ ಇಲ್ಲಿ ಬೇಕಾದ ಸಂಗತಿ ಮಾತ್ರ ಹಡಗಿನದು. ಕಾರವಾರದಿಂದ ಮರಳುವಾಗ ಹಡಗಿನ ಮೇಲಟ್ಟದಲ್ಲಿ ಕುಳಿತು, ಹಾಡುತ್ತ ಬರೆಯುತ್ತ, ಬರೆಯುತ್ತ ಹಾಡುತ್ತ, ಈ ನಾಟಕಕ್ಕೆ ಕೆಲವು ಹಾಡುಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದನ್ನು ಕಟ್ಟುವಾಗ ಆದ ಆನಂದವನ್ನು ಅವರು ಬೇರೆಯಾಗಿಯೇ ನೆನೆಯುತ್ತಾರೆ. ಬೆಳಗಾಗಿದೆ, ಗೊಲ್ಲರ ಹುಡುಗರು ನಂದನ ಮನೆಯ ಬಾಗಿಲಿಗೆ ಬಂದು ಕೃಷ್ಣನನ್ನು ಆಟಕ್ಕೆ ಕಳುಹಿಸೆಂದು ತಾಯಿಯನ್ನು ಕೇಳುತ್ತಿದ್ದಾರೆ. ಕನ್ನಡ ಕರಾವಳಿಯ ಕಡಲ ಮೇಲೆ ಗೋಕುಲದ ಬೆಳಗು! ಕಾರವಾರದ ಕಡಲತೀರಕ್ಕೆ ಈಗ ರವೀಂದ್ರರ ಹೆಸರಿದೆ. ಅಲ್ಲಿ ವಿಹರಿಸುವ ನಮ್ಮವರಿಗೆ ಈ ಹಾಡಿನ ಸುದ್ದಿ ತಿಳಿದಿರುವುದು ಅಪರೂಪ. ಬಂಗಾಳದ ಸಂಗೀತಜ್ಞರಂತೂ ಅವರ ಪ್ರಾರ್ಥನಾಗೀತೆಗಳಲ್ಲಿ ಒಂದರ ಧಾಟಿ ಕನ್ನಡ ಹಾಡಿನಿಂದಲೇ ಬಂದದ್ದೆಂದು ಗುರುತಿಸುತ್ತಾರೆ. ಕವಿ ಮಾತ್ರ ಅದನ್ನು ಕುರಿತು ‘ಜೀವನಸ್ಮೃತಿ’ಯಲ್ಲಿ ಏನೂ ಹೇಳಿಲ್ಲ.

ಹಾಡಿನ ಮೂಲವನ್ನು ಸಂತೋಷದಿಂದ ನೆನೆಯುವುದು ಒಂದು ಬಗೆ; ಅದನ್ನು ಕುರಿತು ಸಾಕ್ಷಿಕಟ್ಟೆ ಏರಬೇಕಾಗಿ ಬರುವುದು ಇನ್ನೊಂದು ಬಗೆ. ‘ಜನಗಣಮನ’ದ ವಿಷಯದಲ್ಲಿ ಅವರಿಗೆ ಆದದ್ದು ಇದು. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಆ ಹಾಡನ್ನು ಹಾಡಿದರು. ಅದೇ ದಿನ ಚಕ್ರವರ್ತಿಯ ಸ್ವಾಗತಕ್ಕೆಂದು ಹಿಂದೀ ಹಾಡೊಂದನ್ನೂ ಹಾಡಲಾಗಿತ್ತು. ಆಂಗ್ಲರ ಪತ್ರಿಕೆಗಳು ಎರಡನ್ನೂ ಬೆರೆಸಿ, ರವೀಂದ್ರರ ಹಾಡು ಐದನೆಯ ಜಾರ್ಜನ ಸ್ತುತಿಯೆಂದು ವರದಿ ಮಾಡಿದವು. 1937ರ ನವೆಂಬರ್ 20ರಂದು ಪುಲಿನಬಿಹಾರಿ ಸೇನರಿಗೆ ಬರೆದ ಪತ್ರದಲ್ಲಿ ಕವಿ ನಡೆದುದನ್ನು ಹೇಳಿದ್ದಾರೆ. ಸರಕಾರದಲ್ಲಿ ಪ್ರತಿಷ್ಠೆಯಿದ್ದ ಮಿತ್ರರೊಬ್ಬರು ಸಾಮ್ರಾಟನ ಜಯಗಾನ ಬರೆಯೆಂದು ಕೇಳಿಕೊಂಡರು. ಆ ಬೇಡಿಕೆಯಿಂದ ಉಂಟಾದ ಬೆರಗು ಮತ್ತು ಮನಸ್ಸಿನ ಕುದಿತದ ಪ್ರತಿಕ್ರಿಯೆಯಾಗಿ, ಯುಗಯುಗಗಳ ಭಾರತರಥವನ್ನು ನಡೆಸುವ ಭಾಗ್ಯವಿಧಾತನ ಜಯವನ್ನು ಅವರು ಹಾಡಿದರು. ಆ ಸಾರಥಿ ಯಾವ ಜಾರ್ಜನೂ ಆಗಲಾರನೆಂಬುದು ಆ ಮಿತ್ರರಿಗೂ ತಿಳಿಯಿತಂತೆ. ಪ್ರೇರಣೆ ಎಂದೊಡನೆ ನಾವು ಹುಣ್ಣಿಮೆಯನ್ನೂ ಹೊಳೆಯನ್ನೂ ನೆನೆಯುತ್ತೇವೆ. ಸಿಟ್ಟೂ ಒಂದು ಪ್ರೇರಣೆ.

ಹಾಡುಗಳ ಮೂಲದ ವಿಷಯದಲ್ಲಿ ಚರಿತ್ರೆಯ ಅಭ್ಯಾಸಿಗೆ ಅತ್ಯಂತ ತೊಡಕಿನದೂ ಅತ್ಯಂತ ಹೃದ್ಯವಾದದ್ದೂ ‘ಆಮಾರ್ ಸೋನಾರ್ ಬಾಂಗ್ಲಾ’. 1905ರ ವಂಗಭಂಗದ ದಿನಗಳಲ್ಲಿ ಹುಟ್ಟಿ, 1971ರಲ್ಲಿ ಉದಯಿಸಿದ ಬಾಂಗ್ಲಾದೇಶದ ರಾಷ್ಟ್ರಗೀತೆಯಾದ ಈ ಹಾಡಿನ ಮಟ್ಟು ಗಗನ ಹರಕಾರನದು. ಗಗನನು ಠಾಕೂರರ ಜಮೀನ್ದಾರಿಯಿದ್ದ ಶಿಲಾಯಿದಹದಲ್ಲಿ ಅಂಚೆ ಹಂಚುತ್ತಿದ್ದವನು. ತನ್ನ ಮನದ ಮನುಷ್ಯನನ್ನು ಎಲ್ಲಿ ಕಂಡೇನೆಂದು ಹಂಬಲಿಸುವ ಅವನ ಹಾಡನ್ನು ರವೀಂದ್ರರು ತಮ್ಮ ಇಂಗ್ಲಿಷ್ ಉಪನ್ಯಾಸಗಳಲ್ಲಿ ದೇಶಾಂತರದವರಿಗೆ ಪರಿಚಯ ಮಾಡಿಕೊಟ್ಟರು. 1922ರ ‘ಕ್ರಿಯೇಟಿವ್ ಯೂನಿಟಿ’ ಗ್ರಂಥದಲ್ಲಿ ಗಗನನ ಹೆಸರಿದೆ. ಅವನು ಹಳ್ಳಿಯ ಅಂಚೆಯವನೆಂದಿದೆ. ತಿಂಗಳಿಗೆ ಹತ್ತು ಶಿಲಿಂಗಿನಷ್ಟು ಸಂಬಳವೆಂದೂ ಇದೆ. ಹದಿಹರೆಯ ಮುಗಿಯುವ ಮೊದಲೇ ಅವನು ತೀರಿಕೊಂಡನೆಂದೂ ಅಲ್ಲಿ ಬರೆದಿದ್ದಾರೆ. ಗಗನನನ್ನು ಕುರಿತ ಬೇರೆ ಬರಹಗಳು ಅವನು ಮುಪ್ಪಿನವರೆಗೆ ಬದುಕಿದ್ದನೆನ್ನುತ್ತವೆ. ಬಾವುಲ್ ಗೀತಸಂಗ್ರಹವಾದ ‘ಹಾರಾಮಣಿ’ಗೆ ಬರೆದ ಮುನ್ನುಡಿಯಲ್ಲಿ ಅದೇ ಹಾಡನ್ನು ಶಿಲಾಯಿದಹದ ಕಡೆಯ ಒಬ್ಬ ಬಾವುಲನು ಏಕತಾರಿ ಮೀಟುತ್ತ ಹಾಡಿದ್ದನ್ನು ಕವಿ ನೆನೆಯುತ್ತಾರೆ, ಅಲ್ಲಿ ಗಗನನ ಹೆಸರೇ ಇಲ್ಲ. ಅಂದರೆ ಆ ಚಿತ್ರಕಾರ ಮತ್ತೆ ತನ್ನ ಕುಂಚವನ್ನು ಎತ್ತಿಕೊಂಡಿದ್ದಾನೆ. ಬಾವುಲರ ಸ್ವರವನ್ನು ತಾವು ಅನೇಕ ಹಾಡುಗಳಲ್ಲಿ ತಿಳಿದು ತೆಗೆದುಕೊಂಡಿದ್ದೇವೆ, ಇನ್ನು ಅನೇಕದರಲ್ಲಿ ತಿಳಿಯದೆಯೇ ಅದು ಬೆರೆತಿದೆ ಎಂದು ಅದೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆಂಬುದನ್ನೂ ಮರೆಯಬಾರದು.

ಇಲ್ಲಿ ಮೂರನೆಯ ಸಾಕ್ಷಿಯೊಬ್ಬರು ಬರುತ್ತಾರೆ: ರವೀಂದ್ರರ ಅಕ್ಕ ಸ್ವರ್ಣಕುಮಾರಿಯವರ ಮಗಳು ಸರಳಾದೇವಿ. ಈಕೆ ಗಗನನನ್ನೂ ಲಾಲನನನ್ನೂ ಕುರಿತು ‘ಭಾರತೀ’ ಪತ್ರಿಕೆಯಲ್ಲಿ ಬರೆದವರು. 1900ರ ‘ಶತಗಾನ’ದಲ್ಲಿ ಗಗನನ ಹಾಡನ್ನು ಸ್ವರಲಿಪಿ ಸಹಿತ ಅಚ್ಚು ಮಾಡಿಸಿದವರು. ಆದರೆ ತಮ್ಮ ಆತ್ಮಕಥೆಯಲ್ಲಿ ಅವರು ಹೇಳುವ ಕಥೆಯೇ ಬೇರೆ. ಅಜ್ಜ ಮಹರ್ಷಿ ದೇವೇಂದ್ರನಾಥರು ಚಿನ್ಸುರಾದಲ್ಲಿ ಗಂಗೆಯ ದಡದಲ್ಲಿದ್ದಾಗ ಅವರ ದೋಣಿಯ ಅಂಬಿಗರಿಂದ ಬಾವುಲ್ ಹಾಡುಗಳನ್ನು ಕಲಿತು, ಕಲಿತದ್ದನ್ನೆಲ್ಲ ರವಿಮಾವನಿಗೆ ಒಪ್ಪಿಸುತ್ತಿದ್ದೆ. ‘ಸೋನಾರ್ ಬಾಂಗ್ಲಾ’ದ ಸ್ವರವೂ ಹಾಗೆ ತಾನು ತಂದದ್ದೇ ಎಂದು. ಅಂಚೆಯವನೋ, ಬಾವುಲನೋ, ಅಂಬಿಗನೋ? ನನಗೆ ತೋರುವುದು, ಗಗನನ ಹಾಡು ಆ ಹೊಳೆಗಳ ಮೇಲೆಲ್ಲ ತೇಲಾಡುತ್ತಿದ್ದಿರಬೇಕು. ಅಂಬಿಗರೂ ಹಾಡಿರಬೇಕು, ಬಾವುಲರೂ ಹಾಡಿರಬೇಕು. ಮೂವರ ಮಾತೂ ನಿಜವಿರಬಹುದು.

(ಚಿನ್ಸುರಾದ ಮಾತು ಬಂದದ್ದರಿಂದ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ಮಾಘೋತ್ಸವಕ್ಕೆಂದು ಮಗ ಕಟ್ಟಿದ ಹಾಡುಗಳನ್ನು ಕೇಳಲು ಮಹರ್ಷಿಗಳು ಅವರನ್ನು ಅಲ್ಲಿಗೆ ಕರೆಸಿಕೊಂಡರು. ಎಲ್ಲ ಮುಗಿದ ಮೇಲೆ, ದೇಶದ ರಾಜನಿಗೆ ಈ ಭಾಷೆ ಬರುತ್ತಿದ್ದರೆ ಅವನು ಕವಿಯನ್ನು ಸನ್ಮಾನಿಸುತ್ತಿದ್ದ, ಅದಾಗದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ ಎಂಬರ್ಥದ ಮಾತನ್ನಾಡಿ ಐನೂರು ರೂಪಾಯಿಯ ಚೆಕ್ಕನ್ನು ಮಗನ ಕೈಗಿತ್ತರು.)

ನಮ್ಮ ಹಳೆಯ ನಾಟಕದ ಹಾಡಿನ ಪುಸ್ತಕಗಳನ್ನು ನೋಡಿದವರಿಗೆ ನೆನಪಿರಬಹುದು: ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತು. ಅದು ನಟನ ಅನುಕೂಲಕ್ಕೆ ಹಾಕಿದ್ದಾದರೂ ಒಂದು ಬಗೆಯ ಋಣಪತ್ರವೂ ಹೌದು. ಬಂಗಾಳದಲ್ಲಿ ಪರರ ಧಾಟಿಗೆ ಕಟ್ಟಿದ ರವೀಂದ್ರರ ಹಾಡುಗಳನ್ನು ‘ಭಾಂಗಾ ಗಾನ’ ಎನ್ನುತ್ತಾರೆ, ಒಡೆದು ಕಟ್ಟಿದ ಹಾಡು. ಸತ್ಯೇಂದ್ರನಾಥರ ಮಗಳು ಇಂದಿರಾದೇವಿಯವರು ಶ್ರಮಪಟ್ಟು ಅವುಗಳ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿಯಲ್ಲಿ ಹಿಂದೂಸ್ಥಾನಿ ಧ್ರುಪದಗಳಿವೆ, ಬಾವುಲ್ ಹಾಡುಗಳಿವೆ, ಇಂಗ್ಲಿಷ್ ಹಾಡುಗಳಿವೆ, ನಮ್ಮ ಕಡೆಯವೂ ಇವೆ.

ಸರಳಾದೇವಿಯವರು 1890ರ ದಶಕದಲ್ಲಿ ಮೈಸೂರಿಗೆ ಬಂದು ಮಹಾರಾಣಿಯವರ ಬಾಲಿಕಾ ಪಾಠಶಾಲೆಯಲ್ಲಿ ಕೆಲವು ಕಾಲ ಉಪಾಧ್ಯಾಯಿನಿಯಾಗಿದ್ದರು. ಠಾಕೂರರ ಮನೆತನದ ಹೆಣ್ಣುಮಗಳೊಬ್ಬಳು ಅಷ್ಟು ದೂರದ ಊರಿಗೆ ಸಂಬಳದ ಕೆಲಸಕ್ಕೆ ಹೋದದ್ದು ಅಂದಿನ ಕಲ್ಕತ್ತೆಗೆ ಬೆರಗಿನ ಸಂಗತಿ. ಅದು ವೀಣೆ ಶೇಷಣ್ಣ, ಸುಬ್ಬಣ್ಣನವರ ಕಾಲದ ಮೈಸೂರು. ಗುಡಿ, ಮನೆ, ಶಾಲೆ, ಎಲ್ಲಿ ಕಿವಿಗೊಟ್ಟರೂ ಹಾಡು ಕೇಳಬಹುದಾಗಿದ್ದ ಊರು. ಅಲ್ಲಿ ಕೇಳಿದ ಸ್ವರಗಳನ್ನು ಹೂವಿನ ಬುಟ್ಟಿಯಂತೆ ತುಂಬಿಕೊಂಡು ತಂದು ರವಿಮಾವನ ಪಾದದ ಬಳಿ ಸುರಿಯುವವರೆಗೆ ಮನಸ್ಸಿಗೆ ನೆಮ್ಮದಿಯಿರಲಿಲ್ಲವೆಂದು ಅವರು ಬರೆದಿದ್ದಾರೆ. ಮಾವನು ಆ ಬುಟ್ಟಿಯಿಂದ ಒಂದೊಂದೇ ಸ್ವರವನ್ನು ಎತ್ತಿಕೊಂಡು ತನ್ನ ಮಾತನ್ನು ಕೊಟ್ಟು ತನ್ನದಾಗಿಸಿಕೊಂಡನು. ಹಾಗೆ ಹುಟ್ಟಿದವೆಂದು ಅವರು ಹೆಸರಿಸುವ ಹಾಡುಗಳಲ್ಲಿ ‘ಆನಂದಲೋಕೆ’ ಒಂದು. ಬ್ರಾಹ್ಮಸಮಾಜದ ಪ್ರಾರ್ಥನೆಗಳಲ್ಲಿ, ಶುಭ ಸಮಾರಂಭಗಳಲ್ಲಿ ಬಂಗಾಳದವರು ಎದ್ದು ನಿಂತು ಹಾಡುವ ಗಂಭೀರವಾದ ಹಾಡು ಅದು. ಅದನ್ನು ಕೇಳಿದರೆ ನಮ್ಮ ಕಿವಿಗೆ ಶಂಕರಾಭರಣದ ಛಾಯೆ ಸುಳಿದೀತು. ಸ್ವರಲಿಪಿಯ ಪುಸ್ತಕಗಳಲ್ಲಿ ಆ ಹಾಡಿಗೆ ರಾಗದ ಹೆಸರಿರಬೇಕಾದ ಜಾಗದಲ್ಲಿ ಎರಡೇ ಮಾತು ಇವೆ: ‘ಮಹೀಶೂರಿ ಭಜನ್’.

ಅಂಚೆಯ ಗಗನನಿಗೆ ಹೆಸರು ಉಳಿಯಿತು. ವಯಸ್ಸು ತಪ್ಪಾದರೂ, ಸಂಬಳವನ್ನು ಸಹ ದೇಶಾಂತರದವರು ತಿಳಿದುಕೊಂಡರು. ಮೈಸೂರಿನಲ್ಲಿ ಬಂಗಾಳದ ಆ ತರುಣ ಉಪಾಧ್ಯಾಯಿನಿಗೆ ಭಜನೆಯನ್ನು ಹೇಳಿಕೊಟ್ಟವರು ಯಾರು? ಶಾಲೆಯ ಸಂಗೀತದ ಮೇಷ್ಟರೋ, ಪಾಠಕ್ಕೆ ಬರುತ್ತಿದ್ದ ಹುಡುಗಿಯೋ, ನೆರೆಮನೆಯಲ್ಲಿ ಸಂಜೆ ದೀಪ ಹಚ್ಚಿ ಹಾಡಿಕೊಳ್ಳುತ್ತಿದ್ದ ಮುತ್ತೈದೆಯೋ? ಆ ಕೊರಳಿಗೆ ಪುಸ್ತಕದಲ್ಲಿ ಊರಿನ ಹೆಸರಷ್ಟೇ ದಕ್ಕಿದೆ.